ಸಮೀಕರಣ ಬಂತು, ಉತ್ತರ ಬಂತಾ?

(ಬಿಂದುಪಥದ ಬಗ್ಗೆ, ಅಂದರೆ ಒಂದು ನಿಯಮ ಪಾಲಿಸುವ ಬಿಂದುಗಳೆಲ್ಲ ಸೇರಿ ಆಗುವ ಗೆರೆಯ ಬಗ್ಗೆ, ಪಿಯು ವಿದ್ಯಾರ್ಥಿಗಳು ಮತ್ತು ಗಣಿತದ ಮೇಷ್ಟ್ರುಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಬೋರ್ಡಿನ ಮೇಲಿದ್ದ ಅಕ್ಷರಗಳನ್ನು ಬಾಯಲ್ಲಿ ಹೇಳಿದ ಹಾಗೇ ಎಕ್ಸ್, ವೈ ಎಂದು ಬರೆದಿದ್ದೇನೆ. ಪೆನ್ನು, ಹಾಳೆ ಇಟ್ಟುಕೊಂಡು ಓದಿ.)

ಎಲ್ಲರಿಗೂ ನಮಸ್ಕಾರ.

ಭಾಷಣ ಶುರು ಮಾಡುವ ಮುಂಚೆ ಒಂದು ಚಿತ್ರ ಬಿಡಿಸಿ. ಒಂದು ಗೋಡೆ, ಒಂದು ನೆಲ, ಗೋಡೆಗೆ ಒರಗಿಸಿದ 10 ಅಡಿಯ ಏಣಿ. ಏಣಿಯ ಸರಿಯಾಗಿ ನಡುವಿನ ಮೆಟ್ಟಿಲಿಗೆ ಒಂದು ಕೆಂಪು ದಾರ ಕಟ್ಟಿದ್ದಾರೆ. ಈಗ ಏಣಿಯ ಬುಡ ಜಾರುತ್ತದೆ. ಮೇಲಿನ ತುದಿ ಗೋಡೆಯನ್ನು ಬಿಡದೆ ಕೆಳಕ್ಕೆ, ಬುಡ ನೆಲವನ್ನು ಬಿಡದೆ ಆಚೆಗೆ. ಕೊನೆಗೆ ಏಣಿ ನೆಲದ ಮೇಲೆ ಮಲಗುತ್ತದೆ. ಕೆಂಪು ದಾರ ಹೋದ ದಾರಿ ಹೇಗಿರುತ್ತದೆ? ಲೆಕ್ಕ ಬೇಡ, ಸುಮ್ನೆ ಊಹಿಸಿ ಗೆರೆ ಎಳೆಯಿರಿ.

ಕೈ ಎತ್ತಿ ನೋಡೋಣ. ಮೂಲೆಯ ಕಡೆಗೆ ಒಳಕ್ಕೆ ಬಾಗಿದ ಗೆರೆ ಎಳೆದವರು? ಜಾಸ್ತಿ ಜನ. ಮೂಲೆಯಿಂದ ಹೊರಕ್ಕೆ ಉಬ್ಬಿದ ಗೆರೆ? ಕೆಲವರು. ಸರಿ, ಲೆಕ್ಕ ಮಾಡೋಣ.

ಮೂಲೆಯೇ ಮೂಲಬಿಂದು. ನೆಲ ಎಕ್ಸ್ ಅಕ್ಷ, ಗೋಡೆ ವೈ ಅಕ್ಷ. ಏಣಿಯ ಬುಡ (ಎ, 0), ತುದಿ (0, ಬಿ). ಏಣಿಯ ಉದ್ದ ಬದಲಾಗದು, ಆದ್ದರಿಂದ ಎ² + ಬಿ² = 100. ದಾರ ಇರುವ ಬಿಂದುವನ್ನು (ಎಚ್, ಕೆ) ಎನ್ನೋಣ. ಅದು ಮಧ್ಯಬಿಂದು, ಅಂದರೆ ಎ = 2ಎಚ್, ಬಿ = 2ಕೆ. ಮೇಲಿನ ಸಾಲಿಗೆ ಹಾಕಿದರೆ 4ಎಚ್² + 4ಕೆ² = 100. ಅಂದರೆ ಎಚ್² + ಕೆ² = 25.

ವೃತ್ತ! ಮೂಲೆಯೇ ಕೇಂದ್ರ, 5 ಅಡಿ ತ್ರಿಜ್ಯ. ಗೆರೆ ಹೊರಕ್ಕೆ ಉಬ್ಬಿದೆ. ಹಾಗಾದರೆ ಇಷ್ಟೊಂದು ಜನ ಒಳಕ್ಕೆ ಬಾಗಿದ ಗೆರೆ ಯಾಕೆ ಎಳೆದಿರಿ? ನಿಮ್ಮ ಕಣ್ಣು ಸುಳ್ಳು ಹೇಳಲಿಲ್ಲ, ಬೇರೆ ಏನನ್ನೋ ನೋಡಿತು. ಜಾರುವ ಏಣಿಯನ್ನು ಬೇರೆ ಬೇರೆ ಕಡೆ ನಿಲ್ಲಿಸಿ ಒಂದೇ ಹಾಳೆಯಲ್ಲಿ ಬರೆದರೆ, ಆ ಏಣಿಗಳೆಲ್ಲ ಸೇರಿ ಒಂದು ಅಂಚು ಕಟ್ಟುತ್ತವೆ. ಆ ಅಂಚು ನಿಜವಾಗಿಯೂ ಮೂಲೆಯ ಕಡೆಗೆ ಬಾಗಿರುತ್ತದೆ. ಅದಕ್ಕೆ ಆಸ್ಟ್ರಾಯ್ಡ್ ಅಂತ ಹೆಸರು. ನಾವು ಕೇಳಿದ್ದು ಒಂದು ಮೆಟ್ಟಿಲಿನ ದಾರಿ, ನೀವು ಎಳೆದದ್ದು ಎಲ್ಲ ಏಣಿಗಳ ಅಂಚು.

ದಾರವನ್ನು ನಡುವಿನಿಂದ ಬಿಚ್ಚಿ, ಬುಡದಿಂದ 3 ಅಡಿ ಮೇಲೆ ಕಟ್ಟಿ ನೋಡಿ. ಈಗ ಎಚ್ = 7ಎ/10, ಕೆ = 3ಬಿ/10. ಉತ್ತರ: ಎಚ್²/49 + ಕೆ²/9 = 1. ದೀರ್ಘವೃತ್ತ. ದಾರದಿಂದ ಒಂದು ತುದಿಗೆ 7 ಅಡಿ, ಇನ್ನೊಂದಕ್ಕೆ 3 ಅಡಿ. ಅವೇ ಎರಡು ಸಂಖ್ಯೆ ದೀರ್ಘವೃತ್ತದ ಅರ್ಧ ಅಕ್ಷಗಳಾಗಿ ಬಂದು ಕೂತವು. ದೀರ್ಘವೃತ್ತ ಎಳೆಯುವ ಹಳೆಯ ಉಪಕರಣವೊಂದು ಇದೇ ತತ್ವದ ಮೇಲೆ ಕೆಲಸ ಮಾಡುತ್ತದೆ. ಅಡ್ಡಕ್ಕೊಂದು ಉದ್ದಕ್ಕೊಂದು ಸೀಳು, ಅದರಲ್ಲಿ ಜಾರುವ ಒಂದು ಪಟ್ಟಿ, ಪಟ್ಟಿಗೆ ಒಂದು ಪೆನ್ಸಿಲ್ ಅಷ್ಟೇ.

ಇಲ್ಲಿವರೆಗೆ ಎಲ್ಲ ಸಲೀಸು. ಆದರೆ ಪರೀಕ್ಷೆಯಲ್ಲಿ "ಎಕ್ಸ್² + ವೈ² = 25" ಎಂದು ಬರೆದು ಕೆಳಗೆ ಎರಡು ಗೆರೆ ಎಳೆಯುತ್ತೀರಲ್ಲ, ಅಲ್ಲಿ ನನ್ನ ತಕರಾರು ಶುರು. ಕೆಂಪು ದಾರ ಗೋಡೆಯ ಒಳಗೆ ಹೋಗುತ್ತದಾ? ನೆಲದ ಕೆಳಗೆ ಇಳಿಯುತ್ತದಾ? ಇಲ್ಲ. ಅದರ ದಾರಿ ಹೆಚ್ಚೆಂದರೆ ವೃತ್ತದ ಕಾಲು ಭಾಗ. ಸಮೀಕರಣ ಪೂರ್ತಿ ವೃತ್ತವನ್ನು ಕೊಡುತ್ತಿದೆ. ಮುಕ್ಕಾಲು ಭಾಗ ನಮ್ಮದಲ್ಲ.

ಬಿಂದುಪಥ ಅಂದರೆ ಏನು ಅಂತ ಕೇಳಿದರೆ "ಕೊಟ್ಟ ನಿಯಮಕ್ಕೆ ತಕ್ಕಂತೆ ಚಲಿಸುವ ಬಿಂದುವಿನ ದಾರಿ" ಅಂತ ಎಲ್ಲರೂ ಥಟ್ಟನೆ ಹೇಳುತ್ತಾರೆ. ಏಣಿಗೆ ಅದು ಚೆನ್ನಾಗಿ ಹೊಂದುತ್ತದೆ. ಆದರೆ ಎಷ್ಟೋ ಲೆಕ್ಕಗಳಲ್ಲಿ ಏನೂ ಚಲಿಸುವುದಿಲ್ಲ. ಹಾಳೆಯ ಮೇಲಿನ ಪ್ರತಿ ಬಿಂದುವನ್ನೂ ಹಿಡಿದು "ನೀನು ನಿಯಮ ಪಾಲಿಸುತ್ತೀಯಾ?" ಎಂದು ಕೇಳುತ್ತೇವೆ, ಹೌದು ಎಂದವರನ್ನೆಲ್ಲ ಒಂದು ಕಡೆ ಸೇರಿಸುತ್ತೇವೆ. ಹಾಗೆ ನೋಡಿದರೆ ನಮ್ಮ ಸಮೀಕರಣ ಎರಡು ಪರೀಕ್ಷೆ ಪಾಸಾಗಬೇಕು. ನಿಯಮ ಪಾಲಿಸುವ ಪ್ರತಿ ಬಿಂದುವೂ ಸಮೀಕರಣಕ್ಕೆ ಒಪ್ಪಬೇಕು. ಸಮೀಕರಣಕ್ಕೆ ಒಪ್ಪುವ ಪ್ರತಿ ಬಿಂದುವೂ ನಿಯಮ ಪಾಲಿಸಬೇಕು. ಕ್ಲಾಸಿನಲ್ಲಿ ನಾವು ಮಾಡುವುದು ಮೊದಲನೆಯದು ಮಾತ್ರ. ಎರಡನೆಯದನ್ನು ಯಾರೂ ಕೇಳುವುದಿಲ್ಲ, ಅದಕ್ಕೆ ಮಾರ್ಕ್ಸೂ ಇರುವುದಿಲ್ಲ. ಇವತ್ತಿನ ಮಾತೆಲ್ಲ ಆ ಎರಡನೆಯದರ ಬಗ್ಗೆ.

ವಿಧಾನ ನಿಮಗೆ ಗೊತ್ತಿರುವುದೇ, ಬೇಗ ಹೇಳಿ ಮುಗಿಸುತ್ತೇನೆ. ಬಿಂದುವಿಗೆ ಒಂದು ಹೆಸರು ಕೊಡಿ. ನಿಯಮವನ್ನು ದೂರಗಳಲ್ಲೋ ಇಳಿಜಾರಿನಲ್ಲೋ ಬರೆಯಿರಿ. ಎಸ್‌ಎಸ್‌ಎಲ್‌ಸಿಯಲ್ಲಿ ಕಲಿತ ದೂರದ ಸೂತ್ರ, ವಿಭಜನೆಯ ಸೂತ್ರ ಇಷ್ಟರಲ್ಲೇ ಮುಕ್ಕಾಲು ಲೆಕ್ಕ ಆಗಿಹೋಗುತ್ತದೆ. ಬೇಡದ ಅಕ್ಷರಗಳನ್ನು ಕಳಚಿ, ಸುಲಭ ರೂಪಕ್ಕೆ ತನ್ನಿ.

ಅಕ್ಷ ಎಲ್ಲಿಡಬೇಕು ಅನ್ನುವುದು ಮಾತ್ರ ನಿಮ್ಮ ಕೈಯಲ್ಲಿದೆ, ಅದನ್ನು ಜನ ಮರೆಯುತ್ತಾರೆ. ಲೆಕ್ಕದಲ್ಲಿ ನಿರ್ದೇಶಾಂಕ ಕೊಟ್ಟಿಲ್ಲದಿದ್ದರೆ ಮೂಲಬಿಂದು ಆರಿಸುವುದು ನೀವೇ. ಈ ವಿಧಾನ ಕಂಡುಕೊಂಡ ಇಬ್ಬರು ಫ್ರೆಂಚರು ಹಾಗೇ ಮಾಡಿದ್ದರು. ಒಬ್ಬ ಟುಲೂಸ್‌ನ ನ್ಯಾಯಾಲಯದಲ್ಲಿ ಅಧಿಕಾರಿಯಾಗಿದ್ದ ಪಿಯರ್ ಫರ್ಮಾ. ಇನ್ನೊಬ್ಬ ಹಾಲೆಂಡಿನಲ್ಲಿ ನೆಲೆಸಿದ್ದ ರೆನೆ ಡೆಕಾರ್ಟ್. ಡೆಕಾರ್ಟ್‌ನ ರೇಖಾಗಣಿತದ ಪುಸ್ತಕ 1637ರಲ್ಲಿ ಲೈಡನ್‌ನಲ್ಲಿ ಅಚ್ಚಾಯಿತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ ಫರ್ಮಾ ಬರೆದ ಬಿಂದುಪಥಗಳ ಟಿಪ್ಪಣಿ ಕೈಬರಹದಲ್ಲೇ ಪ್ಯಾರಿಸ್ಸಿನ ಗಣಿತಜ್ಞರ ನಡುವೆ ಓಡಾಡುತ್ತಿತ್ತು. ಅದು ಅಚ್ಚಾಗಿದ್ದು 1679ರಲ್ಲಿ, ಆತ ತೀರಿಕೊಂಡು 14 ವರ್ಷದ ಮೇಲೆ. ನಾವು ಎಳೆಯುವ ಹಾಗೆ ಎರಡು ಅಕ್ಷ ಎಳೆದು ಇಬ್ಬರೂ ಶುರು ಮಾಡಲಿಲ್ಲ. ಲೆಕ್ಕದಲ್ಲಿ ಇರುವ ಯಾವುದೋ ಒಂದು ಗೆರೆಯನ್ನೇ ಆಧಾರ ಮಾಡಿಕೊಂಡು, ಅದರ ಮೇಲೆ ಅನುಕೂಲವಾದ ಕೋನದಲ್ಲಿ ಇನ್ನೊಂದು ದೂರ ಅಳೆದರು.

ಒಂದು ಒಳ್ಳೆಯ ಹಳೆಯ ಲೆಕ್ಕ ನೋಡೋಣ. ಪೆರ್ಗಾದ ಅಪೊಲೋನಿಯಸ್ ಹೆಸರಿನಲ್ಲಿರುವುದು, ಕ್ರಿಸ್ತಪೂರ್ವದ ಗ್ರೀಕ್ ಗಣಿತಜ್ಞ ಆತ. ಎ ಎಂಬುದು (0, 0), ಬಿ ಎಂಬುದು (6, 0). ಬಿಯಿಂದ ಇರುವ ದೂರದ ಎರಡು ಪಟ್ಟು ಎಯಿಂದ ಇರುವಂಥ ಬಿಂದುಗಳು ಯಾವುವು? ಎಕ್ಸ್² + ವೈ² = 4[(ಎಕ್ಸ್ − 6)² + ವೈ²]. ಬಿಡಿಸಿದರೆ ಎಕ್ಸ್² + ವೈ² − 16ಎಕ್ಸ್ + 48 = 0. ಕೇಂದ್ರ (8, 0), ತ್ರಿಜ್ಯ 4. ತಾಳೆ ನೋಡಿ: (4, 0)ಯಿಂದ ಎಗೆ 4, ಬಿಗೆ 2. (12, 0)ಯಿಂದ ಎಗೆ 12, ಬಿಗೆ 6. ಸರಿಯಾಗಿದೆ.

ಎರಡು ಪಟ್ಟಿನ ಬದಲು 1.1 ಪಟ್ಟು ಅಂದರೆ? ಕೇಂದ್ರ 34.57ರ ಹತ್ತಿರ ಓಡಿಹೋಗುತ್ತದೆ, ತ್ರಿಜ್ಯ 31.43 ಆಗಿ ಊದಿಕೊಳ್ಳುತ್ತದೆ. ಆದರೆ ಎಡ ಅಂಚು 3.14ರ ಆಸುಪಾಸಿನಲ್ಲೇ ಇರುತ್ತದೆ. ಪಟ್ಟು 1ಕ್ಕೆ ಇಳಿದ ಕೂಡಲೇ ವೃತ್ತ ಹೋಗಿ ಎಕ್ಸ್ = 3 ಎಂಬ ನೆಟ್ಟಗಿನ ಗೆರೆ, ಅಂದರೆ ಲಂಬಾರ್ಧಕ. ಅಷ್ಟು ದೊಡ್ಡ ವೃತ್ತ ಕಣ್ಣೆದುರೇ ಸರಳರೇಖೆ ಆಗುವುದನ್ನು ನೋಡುವುದೇ ಒಂದು ಖುಷಿ. ಈ ಲೆಕ್ಕದಲ್ಲಿ ಮೋಸವಿಲ್ಲ. ಎರಡೂ ಕಡೆ ಇರುವುದು ದೂರ, ದೂರ ಋಣವಾಗುವುದಿಲ್ಲ, ಆದ್ದರಿಂದ ವರ್ಗ ಮಾಡಿದರೂ ಹೊಸಬರು ಯಾರೂ ಸೇರಿಕೊಳ್ಳುವುದಿಲ್ಲ.

ಈಗ ಮೋಸ ಇರುವ ಲೆಕ್ಕಕ್ಕೆ ಬರೋಣ. ಎ (−5, 0), ಬಿ (5, 0). ಪಿಎಯಿಂದ ಪಿಬಿ ಕಳೆದರೆ 6 ಬರುವ ಬಿಂದು ಪಿ. ಪಿಎ = ಪಿಬಿ + 6 ಎಂದು ಬರೆದು ವರ್ಗ ಮಾಡಿ. ಪಿಎ² − ಪಿಬಿ² ಎಷ್ಟು? ಎಕ್ಸ್ + 5ರ ವರ್ಗದಿಂದ ಎಕ್ಸ್ − 5ರ ವರ್ಗ ಕಳೆದರೆ 20ಎಕ್ಸ್. ಹಾಗಾಗಿ 20ಎಕ್ಸ್ = 12ಪಿಬಿ + 36, ಅಂದರೆ 5ಎಕ್ಸ್ − 9 = 3ಪಿಬಿ.

ಇಲ್ಲಿ ನಿಲ್ಲಿ. ಈ ಸಾಲಿಗೆ ಒಂದು ಚೌಕ ಹಾಕಿಟ್ಟುಕೊಳ್ಳಿ.

ಮುಂದೆ ಇನ್ನೊಮ್ಮೆ ವರ್ಗ ಮಾಡಿದರೆ ಎಕ್ಸ್²/9 − ವೈ²/16 = 1. ಅತಿಪರವಲಯ. ಎಡಕ್ಕೊಂದು, ಬಲಕ್ಕೊಂದು ಕವಲು. ಬಲಗಡೆಯ ಒಂದು ಬಿಂದು ತೆಗೆದುಕೊಳ್ಳಿ, (5, 16/3). ಪಿಬಿ 16/3, ಪಿಎ 34/3, ವ್ಯತ್ಯಾಸ 6. ಭೇಷ್. ಎಡಗಡೆಯ (−5, 16/3) ತೆಗೆದುಕೊಳ್ಳಿ. ಪಿಎ 16/3, ಪಿಬಿ 34/3, ವ್ಯತ್ಯಾಸ −6. ಇದು ನಮ್ಮ ಬಿಂದು ಅಲ್ಲ. ಮದುವೆ ಊಟಕ್ಕೆ ಗಂಡಿನ ಕಡೆಯವರೂ ಅಲ್ಲದೆ ಹೆಣ್ಣಿನ ಕಡೆಯವರೂ ಅಲ್ಲದೆ ಬಂದು ಕೂತವರ ಹಾಗೆ ಪೂರ್ತಿ ಎಡ ಕವಲು ಬಂದು ಕೂತಿದೆ. ಯಾವಾಗ ಒಳಗೆ ಬಂತು? ಎರಡನೇ ಸಲ ವರ್ಗ ಮಾಡಿದಾಗ. ಚೌಕ ಹಾಕಿದ ಸಾಲು ನೋಡಿ: ಬಲಗಡೆ ದೂರ ಇದೆ, ಆದ್ದರಿಂದ ಎಡಗಡೆಯ 5ಎಕ್ಸ್ − 9 ಋಣವಾಗುವ ಹಾಗಿಲ್ಲ. ಎಕ್ಸ್ 1.8ಕ್ಕಿಂತ ಕಡಿಮೆ ಇರುವ ಯಾವನೂ ಒಳಗೆ ಬರಬಾರದಿತ್ತು. ವರ್ಗ ಮಾಡಿದ ಕೂಡಲೇ ಆ ಷರತ್ತು ಅಳಿಸಿಹೋಯಿತು.

ಇದು ಬರೀ ಪುಸ್ತಕದ ಗೊಡವೆ ಅಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಹಡಗು, ವಿಮಾನಗಳು ತಾವಿರುವ ಜಾಗ ಕಂಡುಕೊಳ್ಳಲಿ ಎಂದು ಬ್ರಿಟನ್ನಿನವರು ಜೀ, ಅಮೆರಿಕದವರು ಲೋರಾನ್ ಎಂಬ ವ್ಯವಸ್ಥೆ ಕಟ್ಟಿದರು. ಎರಡು ರೇಡಿಯೊ ಕೇಂದ್ರಗಳಿಂದ ಸಂಕೇತ ಹೊರಡುತ್ತದೆ. ಅವೆರಡು ತಲುಪಿದ ಹೊತ್ತಿನ ವ್ಯತ್ಯಾಸವನ್ನು ಹಡಗಿನಲ್ಲಿ ಅಳೆಯುತ್ತಾರೆ. ರೇಡಿಯೊ ಅಲೆ ಒಂದು ಮೈಕ್ರೊಸೆಕೆಂಡಿನಲ್ಲಿ ಸುಮಾರು 300 ಮೀಟರ್ ಹೋಗುತ್ತದೆ. ಹೊತ್ತಿನ ವ್ಯತ್ಯಾಸ ಅಂದರೆ ದೂರದ ವ್ಯತ್ಯಾಸ, ಅಂದರೆ ಹಡಗು ಒಂದು ಅತಿಪರವಲಯದ ಮೇಲಿದೆ. ಇನ್ನೊಂದು ಜೋಡಿ ಕೇಂದ್ರದಿಂದ ಇನ್ನೊಂದು ಅತಿಪರವಲಯ. ಎರಡೂ ಕೂಡುವಲ್ಲಿ ಹಡಗು. ಆದರೆ ಯಾವ ಕವಲು? ತಪ್ಪು ಕವಲು ಹಿಡಿದರೆ ನಡುಸಮುದ್ರದಲ್ಲಿ ನಮ್ಮ ಜಾಗವೇ ಬೇರೆ. ಅದಕ್ಕೇ ಲೋರಾನ್‌ನಲ್ಲಿ ಮುಖ್ಯ ಕೇಂದ್ರದ ಸಂಕೇತ ಮೊದಲು, ಎರಡನೆಯದು ನಿಗದಿತ ಹೊತ್ತು ಕಾದು ಆಮೇಲೆ. ಹೀಗಾಗಿ ಹಡಗು ಎಲ್ಲೇ ಇದ್ದರೂ ಮುಖ್ಯ ಕೇಂದ್ರದ್ದೇ ಮೊದಲು ಕೇಳುತ್ತಿತ್ತು, ಅಳೆದ ಹೊತ್ತಿಗೆ ಒಂದೇ ಕವಲು ಹೊಂದುತ್ತಿತ್ತು. ಜಿಪಿಎಸ್ ಬಂದು ಬೇರೂರಿದ ಮೇಲೆ, 2010ರಲ್ಲಿ ಅಮೆರಿಕ ತನ್ನ ಲೋರಾನ್ ಕೇಂದ್ರಗಳನ್ನು ಮುಚ್ಚಿತು.

ಈಗ ನನಗೆ ತುಂಬ ಇಷ್ಟವಾದ ಲೆಕ್ಕ. ಅದೇ ಎ, ಅದೇ ಬಿ. 6ರ ಜಾಗದಲ್ಲಿ 12 ಹಾಕಿ. ಪಿಎ − ಪಿಬಿ = 12.

ಒಂದು ನಿಮಿಷ ಯೋಚಿಸಿ. ಎ ಮತ್ತು ಬಿ ನಡುವಿನ ದೂರವೇ 10. ತ್ರಿಕೋನದ ಎರಡು ಬಾಹುಗಳ ವ್ಯತ್ಯಾಸ ಮೂರನೆಯ ಬಾಹುವಿಗಿಂತ ಜಾಸ್ತಿ ಆಗುವುದು ಸಾಧ್ಯವೇ ಇಲ್ಲ. ಅಂಥ ಬಿಂದು ಒಂದೂ ಇಲ್ಲ. ಆದರೆ ಇದನ್ನು ಗಮನಿಸದೆ ವಿಧಾನದ ಪ್ರಕಾರ ಹೋದರೆ ಏನಾಗುತ್ತದೆ? ಪಿಎ = ಪಿಬಿ + 12. ವರ್ಗ ಮಾಡಿ: 20ಎಕ್ಸ್ = 24ಪಿಬಿ + 144. ಅಂದರೆ 5ಎಕ್ಸ್ − 36 = 6ಪಿಬಿ. ಮತ್ತೆ ವರ್ಗ: 25ಎಕ್ಸ್² − 360ಎಕ್ಸ್ + 1296 = 36ಎಕ್ಸ್² − 360ಎಕ್ಸ್ + 900 + 36ವೈ². 360ಎಕ್ಸ್ ಎರಡೂ ಕಡೆ ಹೊಡೆದುಹೋಯಿತು. ಉಳಿದದ್ದು 11ಎಕ್ಸ್² + 36ವೈ² = 396, ಅಂದರೆ ಎಕ್ಸ್²/36 + ವೈ²/11 = 1.

ಅಂದವಾದ ದೀರ್ಘವೃತ್ತ! ಒಂದೂ ಬಿಂದು ಇಲ್ಲದ ಪ್ರಶ್ನೆಗೆ ಇಷ್ಟು ಚೆಂದದ ಉತ್ತರ. ಪರೀಕ್ಷೆಯಲ್ಲಿ ಹೀಗೆ ಬಂದರೆ ಯಾರಾದರೂ ಅನುಮಾನ ಪಡುತ್ತಾರಾ? ಉತ್ತರ ಇಷ್ಟು ನೀಟಾಗಿ ಬಂದರೆ ಸರಿಯೇ ಇರಬೇಕು ಅಂದುಕೊಳ್ಳುತ್ತೇವೆ, ಅಲ್ವಾ?

ಈ ದೀರ್ಘವೃತ್ತದ ಮೇಲಿನ ಬಿಂದುಗಳನ್ನು ಕರೆದು ವಿಚಾರಿಸೋಣ. (6, 0): ಪಿಎ 11, ಪಿಬಿ 1. ವ್ಯತ್ಯಾಸ 10. ಮೇಲಿನ ತುದಿ (0, √11): ಎರಡೂ ದೂರ 6. ವ್ಯತ್ಯಾಸ ಸೊನ್ನೆ. ಯಾವುದೂ 12 ಅಲ್ಲ. ಆದರೆ ಕೂಡಿಸಿ ನೋಡಿ: 11 ಮತ್ತು 1, ಹನ್ನೆರಡು. 6 ಮತ್ತು 6, ಹನ್ನೆರಡು. ನಾವು ವ್ಯತ್ಯಾಸ 12 ಇರುವವರನ್ನು ಕೇಳಿದೆವು, ಬೀಜಗಣಿತ ಮೊತ್ತ 12 ಇರುವವರನ್ನು ತಂದು ನಿಲ್ಲಿಸಿತು. ಯಾಕೆಂದರೆ ಎರಡು ಸಲ ವರ್ಗ ಮಾಡುವಾಗ ಕೂಡುವುದು ಯಾವುದು, ಕಳೆಯುವುದು ಯಾವುದು ಎಂಬ ಚಿಹ್ನೆಯ ಗುರುತೇ ಅಳಿಸಿಹೋಯಿತು. ಮಧ್ಯದ ಸಾಲು ಮಾತ್ರ ಎಚ್ಚರಿಸುತ್ತಿತ್ತು. 5ಎಕ್ಸ್ − 36 ಋಣವಾಗಬಾರದು ಅಂದರೆ ಎಕ್ಸ್ ಕನಿಷ್ಠ 7.2 ಇರಬೇಕು. ಈ ದೀರ್ಘವೃತ್ತದಲ್ಲಿ ಎಕ್ಸ್ 6 ದಾಟುವುದೇ ಇಲ್ಲ. ಒಬ್ಬನೂ ಪಾಸಿಲ್ಲ.

ಆದ್ದರಿಂದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ವರ್ಗ ಮಾಡುವ ಮುಂಚಿನ ಸಾಲನ್ನು ಬೋರ್ಡಿನಿಂದ ಒರೆಸಬೇಡಿ. ಕೊನೆಯ ಸಾಲಿಗಿಂತ ಅದರ ಬೆಲೆ ಜಾಸ್ತಿ.

ವರ್ಗವೇ ಮಾಡದೆಯೂ ಮೋಸ ಹೋಗಬಹುದು. ಎಕ್ಸ್² + ವೈ² = 25 ವೃತ್ತ. ಹೊರಗೆ (10, 0) ಎಂಬ ಬಿಂದು ಕ್ಯೂ. ಅಲ್ಲಿಂದ ಗೆರೆಗಳನ್ನು ಎಳೆಯುತ್ತೇವೆ, ಅವು ವೃತ್ತವನ್ನು ಕತ್ತರಿಸಿ ಜ್ಯಾಗಳಾಗುತ್ತವೆ. ಜ್ಯಾಗಳ ಮಧ್ಯಬಿಂದುಗಳ ಬಿಂದುಪಥ ಬೇಕು. ಕೇಂದ್ರದಿಂದ ಜ್ಯಾದ ಮಧ್ಯಬಿಂದುವಿಗೆ ಎಳೆದ ಗೆರೆ ಜ್ಯಾಕ್ಕೆ ಲಂಬ, ಇದು ಹೈಸ್ಕೂಲಿನ ಪ್ರಮೇಯ. ವೃತ್ತದ ಕೇಂದ್ರ ಓ, ಮಧ್ಯಬಿಂದು ಎಂ (ಎಚ್, ಕೆ) ಆದರೆ ಓಎಂ² + ಎಂಕ್ಯೂ² = ಓಕ್ಯೂ². ಎಚ್² + ಕೆ² + (ಎಚ್ − 10)² + ಕೆ² = 100. ಅಂದರೆ ಎಚ್² + ಕೆ² = 10ಎಚ್. ಮೂರು ಸಾಲಿನಲ್ಲಿ ಮುಗಿಯಿತು.

ಈ ಉತ್ತರದಲ್ಲಿ ಏನೋ ಕಾಣೆಯಾಗಿದೆ, ಗಮನಿಸಿದಿರಾ? 25 ಎಲ್ಲಿ? ವೃತ್ತದ ತ್ರಿಜ್ಯ 5 ಇದ್ದರೂ ಇದೇ ಉತ್ತರ, 1 ಇದ್ದರೂ ಇದೇ ಉತ್ತರ. ಲೆಕ್ಕದಲ್ಲಿ ಕೊಟ್ಟ ಸಂಖ್ಯೆಯೊಂದು ಉತ್ತರದಲ್ಲಿ ಎಲ್ಲೂ ಕಾಣದಿದ್ದರೆ ಅನುಮಾನ ಪಡಿ. ಈ ಸಮೀಕರಣಕ್ಕೆ (8, 4) ಒಪ್ಪುತ್ತದೆ: 64 + 16 = 80. ಆದರೆ ಕೇಂದ್ರದಿಂದ ಅದರ ದೂರ √80, ಸುಮಾರು 8.9. ವೃತ್ತದ ಹೊರಗಿದೆ. ಜ್ಯಾದ ಮಧ್ಯಬಿಂದು ವೃತ್ತದ ಹೊರಗೆ ಹೇಗೆ ಇರಲು ಸಾಧ್ಯ?

ಲಂಬ ಎಂಬ ಒಂದು ಗುಣ ಹಿಡಿದು ನಾವು ಓಡಿದೆವು, "ಆ ಗೆರೆ ವೃತ್ತವನ್ನು ಕತ್ತರಿಸಬೇಕು" ಎನ್ನುವುದನ್ನು ಎಲ್ಲೂ ಬರೆಯಲಿಲ್ಲ. ಅದನ್ನೂ ಸೇರಿಸಿ: ಎಚ್² + ಕೆ² 25ಕ್ಕಿಂತ ಕಡಿಮೆ ಇರಬೇಕು, ಅಂದರೆ 10ಎಚ್ 25ಕ್ಕಿಂತ ಕಡಿಮೆ, ಎಚ್ 2.5ಕ್ಕಿಂತ ಕಡಿಮೆ. ಕಾಣೆಯಾದ 25 ಇಲ್ಲಿ ಸಿಕ್ಕಿತು! ಉತ್ತರ ಪೂರ್ತಿ ವೃತ್ತವಲ್ಲ, ಕೊಟ್ಟ ವೃತ್ತದ ಒಳಗಿರುವ ಕಂಸ ಮಾತ್ರ. ಕ್ಯೂನಿಂದ ಎಳೆದ ಸ್ಪರ್ಶಕಗಳು ಮುಟ್ಟುವ ಜಾಗವೇ ಅದರ ಎರಡು ತುದಿ.

ಇಲ್ಲಿವರೆಗೆ ಬೇಡದವರು ಒಳಗೆ ಬಂದ ಕಥೆ. ಬೇಕಾದವರು ಹೊರಗೆ ಉಳಿಯುವುದೂ ಉಂಟು. ಅದಕ್ಕೆ ಡೆಕಾರ್ಟ್‌ನನ್ನು ಕಾಡಿದ ಲೆಕ್ಕವೇ ಸಾಕು. ನಾಲ್ಕು ಗೆರೆ ಕೊಟ್ಟಿದ್ದಾರೆ. ಒಂದು ಬಿಂದುವಿನಿಂದ ಎರಡು ಗೆರೆಗಳಿಗಿರುವ ದೂರಗಳ ಗುಣಲಬ್ಧಕ್ಕೂ ಉಳಿದೆರಡು ಗೆರೆಗಳಿಗಿರುವ ದೂರಗಳ ಗುಣಲಬ್ಧಕ್ಕೂ ಅನುಪಾತ ಗೊತ್ತಿದೆ. ಅಂಥ ಬಿಂದುಗಳೆಲ್ಲ ಎಲ್ಲಿವೆ? 4ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಪಾಪಸ್ ಇದನ್ನು ಬರೆದಿಟ್ಟಿದ್ದ. 1631ರ ಹೊತ್ತಿಗೆ ಲೈಡನ್‌ನ ಪ್ರೊಫೆಸರ್ ಗೋಲಿಯಸ್ ಇದನ್ನು ಡೆಕಾರ್ಟ್‌ನ ಮುಂದಿಟ್ಟ. ಡೆಕಾರ್ಟ್‌ನ ಪುಸ್ತಕದ ಬೆನ್ನೆಲುಬೇ ಈ ಲೆಕ್ಕ.

ಅದರ ಸಣ್ಣ ರೂಪ ಮಾಡೋಣ. ಒಂದು ಚೌಕ. ಬಾಹುಗಳು ಎಕ್ಸ್ = 1, ಎಕ್ಸ್ = −1, ವೈ = 1, ವೈ = −1. ಎದುರುಬದುರು ಬಾಹುಗಳ ದೂರ ಗುಣಿಸಿ, ಎರಡು ಜೋಡಿಯ ಗುಣಲಬ್ಧ ಸಮ ಇರಬೇಕು. ತುಂಬ ಜನ ಬರೆಯುವುದು ಹೀಗೆ: (ಎಕ್ಸ್ − 1)(ಎಕ್ಸ್ + 1) = (ವೈ − 1)(ವೈ + 1). ಎಕ್ಸ್² = ವೈ². ಎರಡು ಕರ್ಣಗಳು. ಮುಗಿಯಿತು.

ಮುಗಿದಿಲ್ಲ. (√2, 0) ತೆಗೆದುಕೊಳ್ಳಿ. ಎಕ್ಸ್ ಬಾಹುಗಳಿಗೆ ದೂರ √2 − 1 ಮತ್ತು √2 + 1, ಗುಣಿಸಿದರೆ 1. ವೈ ಬಾಹುಗಳಿಗೆ 1 ಮತ್ತು 1, ಗುಣಿಸಿದರೆ 1. ನಿಯಮ ಪಾಲಿಸುತ್ತದೆ, ಆದರೆ ಕರ್ಣದ ಮೇಲಿಲ್ಲ. ದೂರಕ್ಕೆ ಮಾಡ್ಯುಲಸ್, ಅಂದರೆ ಋಣ ಚಿಹ್ನೆ ಕಳಚುವ ಗುರುತು, ಹಾಕುವುದನ್ನು ಬಿಟ್ಟಿದ್ದರಿಂದ ಇವರು ಹೊರಗೆ ಉಳಿದರು. ಹಾಕಿದರೆ ಇನ್ನೊಂದು ಸಾಧ್ಯತೆಯೂ ಬರುತ್ತದೆ, ಎಕ್ಸ್² − 1 = 1 − ವೈ². ಅಂದರೆ ಎಕ್ಸ್² + ವೈ² = 2, ಚೌಕದ ನಾಲ್ಕು ಮೂಲೆಗಳನ್ನೂ ಮುಟ್ಟುವ ವೃತ್ತ. ಸರಿಯಾದ ಉತ್ತರ ಎರಡು ಕರ್ಣ ಮತ್ತು ಒಂದು ವೃತ್ತ, ಮೂರೂ ಸೇರಿ.

ಮಾತು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ ಪ್ರಶ್ನೆ ಇಲ್ಲೇ ಸೇರಿಸುತ್ತೇನೆ. "ಸರ್, ಸಿಇಟಿಯಲ್ಲಿ ಇಷ್ಟೆಲ್ಲ ನೋಡೋಕೆ ಟೈಮ್ ಎಲ್ಲಿ?" ಪೂರ್ತಿ ನೋಡಬೇಡ ಮಾರಾಯ, ಒಂದು ಬಿಂದು ನೋಡು. ಉತ್ತರದಲ್ಲಿ ಬಂದ ಗೆರೆಯ ಮೇಲೆ ಸುಲಭವಾದ ಒಂದು ಬಿಂದು ಹಿಡಿದು ಮೂಲ ನಿಯಮಕ್ಕೆ ಹಾಕು. ಅತಿಪರವಲಯವಾದರೆ ಎರಡೂ ಕವಲಿನಿಂದ ಒಂದೊಂದು. 12ರ ಲೆಕ್ಕದಲ್ಲಿ (6, 0) ಒಂದೇ ಸಾಕಾಗಿತ್ತು, ಬಾಯಿಲೆಕ್ಕದಲ್ಲೇ ಬಣ್ಣ ಬಯಲಾಗುತ್ತಿತ್ತು.

ಡೆಕಾರ್ಟ್ ತನ್ನ ಪುಸ್ತಕದಲ್ಲಿ ಬೇಕೆಂದೇ ಕೆಲವನ್ನು ಬಿಟ್ಟ, ಓದುವವರಿಗೂ ಕಂಡುಹಿಡಿಯುವ ಖುಷಿ ಸಿಗಲಿ ಎಂದು. ನಾನೂ ಒಂದು ಬಿಡುತ್ತೇನೆ. ಅದೇ ಚೌಕದಲ್ಲಿ ಮೊದಲ ಜೋಡಿಯ ಗುಣಲಬ್ಧ ಎರಡನೆಯದರ ಎರಡು ಪಟ್ಟು ಇರಲಿ. ಕರ್ಣಗಳ ಜಾಗಕ್ಕೆ ಒಂದು ಅತಿಪರವಲಯ, ವೃತ್ತದ ಜಾಗಕ್ಕೆ ಒಂದು ದೀರ್ಘವೃತ್ತ ಬರುತ್ತದೆ. ಎರಡೂ ಆ ನಾಲ್ಕು ಮೂಲೆಗಳನ್ನು ಹಾದೇ ಹೋಗುತ್ತವೆ. ಎರಡರ ಸಮೀಕರಣ ಬರೆಯಿರಿ. ಆಮೇಲೆ ಅನುಪಾತವನ್ನು ಎಷ್ಟು ಬದಲಿಸಿದರೂ ಆ ಮೂಲೆಗಳು ಯಾಕೆ ತಪ್ಪುವುದಿಲ್ಲ ಎಂದು ಹೇಳಿ. ಅದಕ್ಕೆ ಲೆಕ್ಕ ಮಾಡುವ ಅಗತ್ಯವೇ ಇಲ್ಲ.